ರೆಕಾರ್ಡ್ ಬುಕ್ಕನ್ನ ರದ್ದಿಗೆ ಹಾಕ್ಬೇಡಿ

(1/5)
ಅಕ್ಕ ಬಿಎಸ್ಸಿ ಮುಗಿಸಿ ಒಂಬತ್ತು ತಿಂಗಳಾಯ್ತು. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ. ನೆಂಟರು ಕೇಳೋದು, "ಹಂಗಾದ್ರೆ ನರ್ಸಾ?" ಕಂಪನಿಯವರು ಕೇಳೋದು, "ಎಷ್ಟು ವರ್ಷ ಎಕ್ಸ್‌ಪೀರಿಯನ್ಸ್?" ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ.

ಕಳೆದ ತಿಂಗಳು ಒಂದು ಟ್ರೈನಿಂಗ್ ಸೆಂಟರ್‌ನಿಂದ ಫೋನ್ ಬಂತು. ಕ್ಲಿನಿಕಲ್ ರಿಸರ್ಚ್ ಕೋರ್ಸ್, ಅರವತ್ತು ಸಾವಿರ, "ನೂರಕ್ಕೆ ನೂರು ಪ್ಲೇಸ್‌ಮೆಂಟ್". ಅಪ್ಪ ಚೀಟಿ ಎತ್ತೋಕೆ ರೆಡಿ. ನಾನು ಬಿಕಾಂ, ಸೈನ್ಸ್ ಗೊತ್ತಿಲ್ಲ. ಆದ್ರೆ ಪೇಪರ್ ಓದೋದು ಗೊತ್ತು. ಅಗ್ರಿಮೆಂಟಲ್ಲಿ ಇದ್ದಿದ್ದು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಅಂತ ಅಷ್ಟೇ. ಗ್ಯಾರಂಟಿ ಬರೀ ಫೋನಲ್ಲಿತ್ತು. ದುಡ್ಡು ಕಟ್ಟಲಿಲ್ಲ.

(2/5)
ಅವತ್ತಿಂದ ನಾನು ಇದರ ಬಗ್ಗೆ ಓದ್ತಾ ಇದ್ದೀನಿ. ಬಯೋಮೆಡಿಕಲ್ ಸೈನ್ಸ್, ಬಯೋಟೆಕ್, ಮೈಕ್ರೋಬಯಾಲಜಿ, ಯಾವುದೇ ಓದಿರಿ, ನನ್ನ ಅಭಿಪ್ರಾಯ ಒಂದೇ: ನಿಮ್ಮ ಹತ್ರ ಕೆಲಸದ ಅನುಭವ ಇಲ್ಲದೇ ಇರಬಹುದು, ಆದ್ರೆ ನೀವು ಸೊನ್ನೆ ಅಲ್ಲ.

ಅಕ್ಕನ ರೆಸ್ಯೂಮೆಯಲ್ಲಿ ಇದ್ದಿದ್ದು "ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್". ಅವಳ ಲ್ಯಾಬ್ ರೆಕಾರ್ಡ್ ಬುಕ್ಕುಗಳು ಅಟ್ಟದ ಮೇಲೆ ರದ್ದಿ ಜೊತೆ. ಇಳಿಸಿ ನೋಡಿದ್ರೆ ಗ್ರಾಮ್ ಸ್ಟೇನಿಂಗ್, ಮೀಡಿಯಾ ತಯಾರಿ, ಆಟೋಕ್ಲೇವ್, ಎಲೈಸಾ, ಜೆಲ್ ಎಲೆಕ್ಟ್ರೋಫೋರೆಸಿಸ್, ಮೂರು ವರ್ಷದ್ದು ಸಹಿ ಸಮೇತ ಇದೆ! ನಮ್ಮಲ್ಲಿ ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಫಾರ್ಮಾದಲ್ಲೂ ಅದೇ ಮಾತಂತೆ: ಬರೆದಿಲ್ಲ ಅಂದ್ರೆ ಮಾಡಿಲ್ಲ. ನೀವು ಮಾಡಿದ್ದೀರಿ, ರೆಸ್ಯೂಮೆಲಿ ಬರೆದಿಲ್ಲ.

ಒಂದು ಸಲ ಮಾತ್ರ ಮಾಡಿದ್ರೆ ಒಂದು ಸಲ ಅಂತಾನೇ ಹೇಳಿ. ಬರೀ ನೋಡಿದ್ರೆ ನೋಡಿದ್ದೀನಿ ಅನ್ನಿ.

(3/5)
ಫ್ರೆಶರ್‌ಗಳಿಗೆ ಬಾಗಿಲು ತೆರೆದಿರೋ ಜಾಗಗಳು ಇವು.

ಕ್ವಾಲಿಟಿ ಕಂಟ್ರೋಲ್: ಔಷಧ, ಆಹಾರ, ನೀರಿನ ಸ್ಯಾಂಪಲ್ ಟೆಸ್ಟ್ ಮಾಡೋದು. ಮೈಕ್ರೋಬಯಾಲಜಿ ಓದಿದವರ ಕೈ ಪಳಗಿರೋದೇ ಇಲ್ಲಿ. ಶಿಫ್ಟ್ ಇರುತ್ತೆ, ಶುರುವಿನ ಸಂಬಳ ದೊಡ್ಡದಲ್ಲ.

ಫಾರ್ಮಾಕೋವಿಜಿಲೆನ್ಸ್: ಔಷಧದ ಅಡ್ಡಪರಿಣಾಮದ ವರದಿಗಳನ್ನ ಪರಿಶೀಲಿಸಿ ದಾಖಲಿಸೋದು. ಭಾರತದಲ್ಲಿ ಇದಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2010ರಲ್ಲಿ. ಬಿಫಾರ್ಮಾದವರಿಗೆ ಆದ್ಯತೆ ಹೆಚ್ಚು, ಆದ್ರೂ ಲೈಫ್ ಸೈನ್ಸ್‌ನವರನ್ನೂ ತಗೋತಾರೆ.

ಮೆಡಿಕಲ್ ಕೋಡಿಂಗ್: ಕಂಪ್ಯೂಟರ್ ಕೋಡಿಂಗ್ ಅಲ್ಲ! ಹೆಚ್ಚಾಗಿ ಅಮೆರಿಕದ ರೋಗಿಗಳ ದಾಖಲೆ ಓದಿ ಕಾಯಿಲೆಗೆ, ಚಿಕಿತ್ಸೆಗೆ ಇನ್ಶೂರೆನ್ಸ್ ಕೋಡ್ ಹಾಕೋದು. ಇದರ ಸಿಪಿಸಿ ಪರೀಕ್ಷೆ ಅನುಭವ ಇಲ್ಲದೆ ಪಾಸಾದ್ರೆ ಸರ್ಟಿಫಿಕೇಟಲ್ಲಿ ಸಿಪಿಸಿ ಜೊತೆ "ಎ" ಅಂತ ಸೇರಿರುತ್ತೆ. "ಎ" ಅಂದ್ರೆ ಅಪ್ರೆಂಟಿಸ್. ಅನುಭವ ಆದ್ಮೇಲೆ ತೆಗೀತಾರೆ. ಫೀಸ್ ಜಾಸ್ತಿ, ಹಾಗಾಗಿ ಮೊದಲು ತಾವೇ ಟ್ರೈನಿಂಗ್ ಕೊಡೋ ಕಂಪನಿ ಹುಡುಕಿ.

ಅಪ್ರೆಂಟಿಸ್‌ಶಿಪ್: ಕೇಂದ್ರ ಸರ್ಕಾರದ ನ್ಯಾಟ್ಸ್ ಯೋಜನೆ ಇಂಜಿನಿಯರ್‌ಗಳಿಗೆ ಮಾತ್ರ ಅಲ್ಲ, ಬೇರೆ ಡಿಗ್ರಿಯವರಿಗೂ ಇದೆ. ತಿಂಗಳು ತಿಂಗಳು ಸ್ಟೈಪೆಂಡ್, ಅದರಲ್ಲೊಂದು ಪಾಲು ಸರ್ಕಾರದ್ದು. ಇಲ್ಲಿ ಅನುಭವ ಇಲ್ಲದಿರೋದೇ ನಿಮ್ಮ ಅರ್ಹತೆ!

ಒಂದು ಎಚ್ಚರಿಕೆ: ಆಸ್ಪತ್ರೆ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸಾಮಾನ್ಯವಾಗಿ ಡಿಎಂಎಲ್‌ಟಿ ಅಥವಾ ಬಿಎಸ್ಸಿ ಎಂಎಲ್‌ಟಿ ಕೇಳ್ತಾರೆ. ನಮ್ಮ ಡಿಗ್ರಿನೂ ಅದೇ ಅಂದ್ಕೊಂಡು ಅಪ್ಲೈ ಮಾಡಿ ಅಕ್ಕ ಮೂರು ತಿಂಗಳು ಕಳೆದಳು.

(4/5)
"ಎಂಎಸ್ಸಿ ಮಾಡ್ಬಿಡು" ಅಂತ ಎಲ್ಲರೂ ಅಂತಾರೆ. ರಿಸರ್ಚ್ ಇಷ್ಟ ಇದ್ರೆ ಖಂಡಿತ ಮಾಡಿ. ಗ್ಯಾಟ್-ಬಿ ಪರೀಕ್ಷೆ ಬರೆದ್ರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೆರವಿನ ಎಂಎಸ್ಸಿ ಬಯೋಟೆಕ್ ಸೀಟುಗಳಿವೆ. ಆದ್ರೆ ಕೆಲಸ ಸಿಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಎಂಎಸ್ಸಿ ಸೇರೋದು ಸಾಲದ ಕಂತನ್ನ ಎರಡು ವರ್ಷ ಮುಂದೆ ಹಾಕಿದ ಹಾಗೆ. ಆಮೇಲೂ ಅದೇ ಪ್ರಶ್ನೆ ಕೇಳ್ತಾರೆ.

ಇನ್ನು ದುಡ್ಡು ಕೊಟ್ಟು ನಕಲಿ ಎಕ್ಸ್‌ಪೀರಿಯನ್ಸ್ ಲೆಟರ್ ತಗೊಳ್ಳೋದು ಬೇಡವೇ ಬೇಡ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿಬಿದ್ರೆ ಕೆಲಸಾನೂ ಹೋಗುತ್ತೆ, ಮರ್ಯಾದೆನೂ ಹೋಗುತ್ತೆ.

ಕಂಪನಿಗಳಿಗೂ ಒಂದು ಮಾತು. ಎಂಟ್ರಿ ಲೆವೆಲ್ ಅಂತ ಹಾಕಿ ಎರಡು ವರ್ಷದ ಅನುಭವ ಕೇಳೋದು ಅನ್ಯಾಯ. ಕೆಲಸ ಕಲಿಸೋ ಖರ್ಚು ನಿಮ್ಮದು. ಅದನ್ನ ನಮ್ಮ ಅಪ್ಪಂದಿರ ಚೀಟಿ ದುಡ್ಡಿಗೆ ದಾಟಿಸ್ತಾ ಇದ್ದೀರಿ.

(5/5)
ಅಕ್ಕ ಈಗ ರೆಸ್ಯೂಮೆ ಒಂದೇ ಪುಟಕ್ಕೆ ಇಳಿಸಿದ್ದಾಳೆ. ಯಾವ ಟೆಕ್ನಿಕ್, ಎಷ್ಟು ಸಲ, ಏನು ತಪ್ಪಾಯ್ತು, ಹೇಗೆ ಸರಿ ಮಾಡಿದಳು, ಎಲ್ಲ ಬರೆದಿದ್ದಾಳೆ. ಹೋದ ವಾರ ಒಂದು ವಾಟರ್ ಟೆಸ್ಟಿಂಗ್ ಲ್ಯಾಬ್‌ನಿಂದ ಇಂಟರ್‌ವ್ಯೂ ಕಾಲ್ ಬಂತು. ಒಂಬತ್ತು ತಿಂಗಳಲ್ಲಿ ಮೊದಲನೇದು. ಕೆಲಸ ಸಿಕ್ತು ಅಂತ ಹೇಳೋಕೆ ಆಗಲ್ಲ, ರಿಸಲ್ಟ್ ಇನ್ನೂ ಬಂದಿಲ್ಲ. ಆದ್ರೆ ಅವತ್ತು "ನಂಗೆ ಏನೂ ಬರಲ್ಲ ಕಣೇ" ಅನ್ನೋ ಮಾತು ಅವಳ ಬಾಯಿಂದ ಬರಲಿಲ್ಲ. ಚೀಟಿ ದುಡ್ಡು ಅಪ್ಪನ ಹತ್ರಾನೇ ಇದೆ.

ನೀವೂ ಇವತ್ತು ಅಟ್ಟ ಹತ್ತಿ. ಯಾರಿಗಾದ್ರೂ ದುಡ್ಡು ಕಟ್ಟೋ ಮೊದಲು ಅಗ್ರಿಮೆಂಟ್ ಓದಿ. ಅರ್ಥ ಆಗ್ಲಿಲ್ಲ ಅಂದ್ರೆ ಬಿಕಾಂ ಓದ್ತಿರೋ ಫ್ರೆಂಡ್‌ಗೆ ತೋರಿಸಿ, ನಾವು ಇರೋದೇ ಅದಕ್ಕೆ 😄

ಮನೇಲಿ ಹೀಗೆ ಕಾಯ್ತಾ ಇರೋ ಅಕ್ಕ, ಅಣ್ಣ ಇದ್ರೆ ಕಳಿಸಿ.

#ಬಿಕಾಂಹುಡುಗಿಯಲೆಕ್ಕ #ಡಿಗ್ರಿಆದ್ಮೇಲೆ