ಗ್ರಂಥಾಲಯದ ಕಂಪ್ಯೂಟರ್ ಯಾರಿಗಾಗಿ?

ಆಟ ಆಡಬಾರದು, ಹಾಡು ಕೇಳಬಾರದು, ಚಲನಚಿತ್ರ ನೋಡಬಾರದು! ಇಂಥದೊಂದು ಫಲಕವನ್ನು ಒಂದು ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನ ಮೇಲೆ ನಾವು ಕಂಡೆವು. ಸಂಜೆಯ ಹೊತ್ತು. ಯಂತ್ರ ಮುಸುಕು ಹೊದ್ದು ಕೂತಿತ್ತು. ಅದಕ್ಕಾಗಿ ಕಾದವರು ಒಬ್ಬರೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನೊಬ್ಬ ಅರ್ಧ ತಾಸು ಚದುರಂಗ ಆಡಿದರೆ ಯಾರ ಮನೆಯ ಗಂಟು ಹೋಗುತ್ತದೆ?

ಈ ಯಂತ್ರ ಯಾರ ದಾನವೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಜನರಿಂದ ವಸೂಲು ಮಾಡುತ್ತಾರೆ. ಇಂದು ಅದು ತೆರಿಗೆಯ ನೂರಕ್ಕೆ 6. ದುರ್ಗದ ಬೈಲಿನ ಅಂಗಡಿಕಾರ ಕೊಡುತ್ತಾನೆ, ಹೆಬ್ಬಳ್ಳಿಯ ಮನೆಯೊಡೆಯ ಕೊಡುತ್ತಾನೆ, ಖೋಲಿಯಲ್ಲಿರುವ ಕಾರ್ಮಿಕ ಬಾಡಿಗೆಯ ಮೂಲಕ ಕೊಡುತ್ತಾನೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 'ಅರಿವು ಕೇಂದ್ರ' ಎಂಬ ಹೊಸ ಹೆಸರು ಬಂದಿತು. ಹಲವೆಡೆ ಕಂಪ್ಯೂಟರುಗಳೂ ಬಂದವು. ಹಣ ಕೊಟ್ಟವನನ್ನೇ ಬಾಗಿಲಲ್ಲಿ ನಿಲ್ಲಿಸಿ 'ನೀನು ಬಂದದ್ದು ಓದುವುದಕ್ಕೋ ಮೋಜಿಗೋ' ಎಂದು ವಿಚಾರಣೆ ನಡೆಸುವುದು ನ್ಯಾಯವೆ?

ಅದೇ ಗ್ರಂಥಾಲಯದ ಕಪಾಟಿನಲ್ಲಿ ಪತ್ತೇದಾರಿ ಕಾದಂಬರಿ ಇದೆ, ಮೇಜಿನ ಮೇಲೆ ಸಿನಿಮಾ ಪುಟದ ಪತ್ರಿಕೆ ಇದೆ. ಅವನ್ನು ಓದುವವರನ್ನು ಯಾರೂ ತಡೆಯುವುದಿಲ್ಲ. ಕಾಗದದ ಮೇಲೆ ಒಪ್ಪಿತವಾದ ಮನರಂಜನೆ ಪರದೆಯ ಮೇಲೆ ಪಾಪವಾಗುವುದು ಹೇಗೆ?

ಒಂದು ಕಾಲಕ್ಕೆ ಯೂರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದರು. ಬೆಂಗಳೂರಿನಲ್ಲೇ ಕೊನೆಯ ದಿನಗಳನ್ನು ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಮುಂದಿಟ್ಟಾಗ, ಪುಸ್ತಕ ಇರುವುದು ಬಳಕೆಗೇ ಹೊರತು ಕಾಪಿಡುವುದಕ್ಕಲ್ಲ ಎಂಬುದನ್ನೇ ಮೊದಲನೆಯದಾಗಿ ಹೇಳಿದರು. ಪುಸ್ತಕದ ಸರಪಳಿ ಹರಿಯಿತು. ಈಗ ಅದನ್ನು ಕಂಪ್ಯೂಟರಿಗೆ ತೊಡಿಸುತ್ತಿದ್ದಾರೆ.

1886ರಲ್ಲಿ ಚಿಕಾಗೋದ ಕಾರ್ಮಿಕರು ಬೀದಿಗಿಳಿದದ್ದು ಎಂಟು ತಾಸಿನ ದುಡಿಮೆಗಾಗಿ. ಎಂಟು ತಾಸು ದುಡಿಮೆ, ಎಂಟು ತಾಸು ನಿದ್ದೆ, ಉಳಿದ ಎಂಟು ತಾಸು ನಮ್ಮದು ಎಂಬುದು ಆ ಚಳವಳಿಯ ತಿರುಳು. 'ನಮ್ಮದು' ಎಂದ ಮೇಲೆ ಅದರ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಸಾಹುಕಾರನಿಗೆ ಕ್ಲಬ್ಬು ಇದೆ, ಮನೆಯಲ್ಲೇ ಕಂಪ್ಯೂಟರ್ ಇದೆ. ಬಡವನ ಮಗನಿಗೆ ಇರುವುದು ಈ ಒಂದೇ ಕೋಣೆ.

ಹುಡುಗರು ಆಟಕ್ಕೆ ಕೂತರೆ ಏಳುವುದಿಲ್ಲ, ನೌಕರಿಗೆ ಅರ್ಜಿ ಹಾಕಬೇಕಾದವರು ಕಾಯಬೇಕಾಗುತ್ತದೆ ಎಂಬ ಆಕ್ಷೇಪವಿದೆ. ಈ ಮಾತಿನಲ್ಲಿ ಸತ್ಯವಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಮದ್ದು ಸರದಿಯೇ ಹೊರತು ನಿಷೇಧವಲ್ಲ. ಯಾರೂ ಕಾಯದಿದ್ದಾಗ ಬಂದವನು ಬೇಕಾದಷ್ಟು ಹೊತ್ತು ಕೂಡಲಿ. ಕಾಯುವವರಿದ್ದರೆ ಅರ್ಧ ತಾಸಿಗೊಮ್ಮೆ ಸರದಿ ಬದಲಾಗಲಿ. ಅರ್ಜಿ, ಉತಾರ, ಪರೀಕ್ಷೆ, ವ್ಯಾಪಾರದ ತೆರಿಗೆ ಲೆಕ್ಕ, ಇಂಥ ಕೆಲಸಕ್ಕೆ ಬಂದವರಿಗೆ ಮೊದಲ ಹಕ್ಕು ಇರಲಿ. ಓದುವವರ ಕಿವಿಗೆ ಬೀಳದಂತೆ ಹಾಡನ್ನು ಇಯರ್‌ಫೋನಿನಲ್ಲೇ ಕೇಳಲಿ. ಜೂಜಿಗೂ ಅಶ್ಲೀಲಕ್ಕೂ ಎಡೆಯಿಲ್ಲ. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತೇ 2025ರಲ್ಲಿ ಮಾಡಿದೆ. ಸಂಜೆ ಪಾಳಿ ಬಿಟ್ಟ ಮೇಲೂ ಎರಡು ತಾಸು ಬಾಗಿಲು ತೆರೆದಿರಲಿ. ಇಷ್ಟು ನಿಯಮ ಸಾಕು.

ನಮ್ಮ ಜಗಳ ಗ್ರಂಥಾಲಯದ ಮೇಲ್ವಿಚಾರಕರೊಡನೆ ಅಲ್ಲ. ಒಬ್ಬಂಟಿಯಾಗಿ ಇಡೀ ಕೇಂದ್ರ ನಡೆಸುವ ಅವರೂ ದುಡಿಯುವ ಜನವೇ. ವಸೂಲಾದ ಗ್ರಂಥಾಲಯ ಕರ ಗ್ರಂಥಾಲಯಕ್ಕೆ ತಲುಪದೆ ಸ್ಥಳೀಯ ಸಂಸ್ಥೆಗಳಲ್ಲೇ ಬಾಕಿ ಉಳಿಯುತ್ತದೆಂಬುದು ರಾಜ್ಯದ ಹಳೆಯ ದೂರು. ಹತ್ತು ಜನರಿಗೆ ಒಂದು ಯಂತ್ರ ಕೊಟ್ಟು, ಅವರವರಲ್ಲೇ ಜಗಳ ಹಚ್ಚಿ, ಕೊನೆಗೆ ಆಟವೇ ತಪ್ಪೆಂದು ಫಲಕ ತೂಗುಹಾಕುವುದು ಯಾವ ನ್ಯಾಯ?

ಓದುಗ ಬಂಧುಗಳೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ನಮ್ಮ ಕರದ ಹಣ ಎಲ್ಲಿ? ನಮ್ಮ ಯಂತ್ರದ ಮೇಲೆ ಮುಸುಕು ಏಕೆ? ಉತ್ತರ ಸಿಗುವತನಕ ಕೂಡಬೇಡಿ.