ಮೊಟ್ಟೆಯ ಚಿಪ್ಪು ಎಲ್ಲಿಂದ ಬರಬೇಕು?

ಮಳೆ ಹಿಡಿದ ದಿನಗಳಲ್ಲಿ ಮಲೆನಾಡಿನ ಮನೆಗಳಿಗೆ ಹೋದಾಗ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. 'ಸುಧಾರಿತ ತಳಿಯ ಕೋಳಿ ತಂದೆವು. ಮೊದಲೆರಡು ತಿಂಗಳು ಚೆನ್ನಾಗಿ ಇಟ್ಟಿತು. ಈಗ ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆ ಇಡುತ್ತದೆ, ಇಟ್ಟದ್ದನ್ನು ತಾನೇ ಕುಕ್ಕಿ ತಿನ್ನುತ್ತದೆ. ಈ ತಳಿಯೇ ಸರಿಯಿಲ್ಲ.' ಮೇವಿಗೆ ಏನು ಹಾಕುತ್ತೀರಿ ಎಂದು ಕೇಳಿದರೆ ಉತ್ತರವೂ ಒಂದೇ: 'ಹೊಟ್ಟೆ ತುಂಬ ಮೆಕ್ಕೆಜೋಳ ಹಾಕುತ್ತೇವೆ.' ಆ ಉತ್ತರದಲ್ಲಿಯೇ ರೋಗದ ಮೂಲವಿದೆ.

ಲೆಕ್ಕ ಸರಳವಾದುದು. 55 ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ ಸುಮಾರು 6ರಿಂದ 7 ಗ್ರಾಂ ಪ್ರೋಟೀನ್ ಇರುತ್ತದೆ. ಅದರ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿ ದಿನಕ್ಕೆ ತಿನ್ನುವುದು 100ರಿಂದ 120 ಗ್ರಾಂ ಆಹಾರ. 100 ಗ್ರಾಂ ಮೆಕ್ಕೆಜೋಳದಲ್ಲಿ 9 ಗ್ರಾಂ ಪ್ರೋಟೀನ್ ಇದ್ದರೂ ಲೈಸಿನ್‌ನಂಥ ಮುಖ್ಯ ಅಂಶಗಳ ಕೊರತೆಯಿಂದ ಅದು ಅಪೂರ್ಣವಾದುದು. ಕ್ಯಾಲ್ಸಿಯಂ ಅಂತೂ 20 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಧಾನ್ಯಗಳಲ್ಲೇ ಶ್ರೇಷ್ಠವೆನಿಸಿದ ರಾಗಿಯಲ್ಲಿಯೂ 350 ಮಿಲಿಗ್ರಾಂ ಮಾತ್ರ. ತಿಂದ ಕ್ಯಾಲ್ಸಿಯಂ ಎಲ್ಲವೂ ರಕ್ತಕ್ಕೆ ಸೇರುವುದಿಲ್ಲವಾದ್ದರಿಂದ ದಿನವೂ ಇಡುವ ಕೋಳಿಗೆ ಮೂರೂವರೆಯಿಂದ ನಾಲ್ಕು ಗ್ರಾಂ ಬೇಕಾಗುತ್ತದೆ. ಸಿಗದಿದ್ದರೆ ಅದು ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಮೂಳೆ ಬರಿದಾದ ಮೇಲೆ ಮೆತ್ತನೆಯ ಮೊಟ್ಟೆ, ಕೊನೆಗೆ ಕಾಲು ಸೋತು ಮೂಲೆಯಲ್ಲಿ ಕುಳಿತ ಕೋಳಿ.

ಹಾಗಾದರೆ ನಮ್ಮ ಅಜ್ಜಿಯರು ಯಾವ ಲೆಕ್ಕವಿಟ್ಟು ಕೋಳಿ ಸಾಕಿದ್ದರು? ಅವರ ನಾಟಿಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಡುತ್ತಿತ್ತು. ನಡುವೆ ಕಾವು ಕೂತು, ಮರಿ ಬೆಳೆಸಿ, ಮೈ ತುಂಬಿಕೊಳ್ಳುತ್ತಿತ್ತು. ಮುಂಜಾನೆ ಎರಚಿದ ನುಚ್ಚು ಅದರ ಊಟದ ಒಂದು ಭಾಗವಷ್ಟೇ. ಉಳಿದದ್ದು ಗೊಬ್ಬರಗುಂಡಿಯ ಹುಳು, ದರಗಿನಡಿಯ ಗೆದ್ದಲು, ಬೇಲಿಬದಿಯ ಚಿಗುರು, ಬಸವನಹುಳು. ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಂದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರ ಮುಂತಾದ ತಳಿಗಳು ನಾಟಿಕೋಳಿಯ ಎರಡು ಪಟ್ಟಿಗೂ ಮಿಗಿಲಾಗಿ ಇಡಬಲ್ಲವು. ಕೇಳುವ ಮೊಟ್ಟೆ ಇಮ್ಮಡಿಯಾಯಿತು. ಅದೇ ಹೊತ್ತಿಗೆ ಹಿತ್ತಲು ಬಡವಾಯಿತು. ತೋಟಕ್ಕೆ ಕಳೆನಾಶಕ, ಕೀಟನಾಶಕ ಬಂದವು. ನಾಯಿ, ಮುಂಗುಸಿಗಳ ಭಯಕ್ಕೆ ಕೋಳಿ ಬಲೆಯೊಳಗೆ ಸೇರಿತು. ಪ್ರಕೃತಿ ಬಡಿಸುತ್ತಿದ್ದುದನ್ನು ನಾವು ಕಿತ್ತುಕೊಂಡೆವು. ಅದರ ಬದಲಿಗೆ ಏನನ್ನೂ ಬಡಿಸಲಿಲ್ಲ.

ಮಲೆನಾಡಿನ ಮಟ್ಟಿಗೆ ಇನ್ನೊಂದು ಸಂಗತಿಯಿದೆ. ಇಲ್ಲಿನ ಭಾರೀ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ, ನಮ್ಮದು ಹುಳಿಮಣ್ಣು. ಇಂಥ ನೆಲ ಹಕ್ಕಿಗಳಿಗೆ ಏನು ಮಾಡಬಲ್ಲದೆಂಬುದಕ್ಕೆ ದೂರದ ನೆದರ್ಲೆಂಡ್ಸಿನ ಕಾಡುಗಳಲ್ಲಿ ನಿದರ್ಶನವಿದೆ. ಆಮ್ಲಮಳೆಯಿಂದ ಮಣ್ಣು ಹುಳಿಯಾಗಿ, ಬಸವನಹುಳುಗಳು ಕ್ಷೀಣಿಸಿ, ಅವುಗಳ ಚಿಪ್ಪನ್ನು ನಂಬಿದ್ದ ಪುಟ್ಟ ಹಕ್ಕಿಗಳು ತೆಳುಚಿಪ್ಪಿನ ಮೊಟ್ಟೆ ಇಡತೊಡಗಿದ್ದವೆಂದು 1994ರಲ್ಲಿ ಸಂಶೋಧಕರು ತೋರಿಸಿದರು. ಮಣ್ಣಿನ ಬಡತನ ಮೊಟ್ಟೆಯವರೆಗೂ ಏರಿ ಬರುತ್ತದೆ.

ಪರಿಹಾರಕ್ಕೆ ಪೇಟೆಯ ಚೀಲವೊಂದೇ ದಾರಿಯಲ್ಲ. ಹತ್ತು ಕಿಲೋ ಮಿಶ್ರಣಕ್ಕೆ ಮೆಕ್ಕೆಜೋಳದ ನುಚ್ಚು 5 ಕಿಲೋ, ಅಕ್ಕಿ ತೌಡು 1 ಕಿಲೋ 400 ಗ್ರಾಂ, ಶೇಂಗಾ ಹಿಂಡಿ 1 ಕಿಲೋ 800 ಗ್ರಾಂ, ಉಪ್ಪು ಹಾಕದ ಒಣಮೀನಿನ ಪುಡಿ 800 ಗ್ರಾಂ, ಕುಟ್ಟಿದ ಚಿಪ್ಪು 900 ಗ್ರಾಂ, ಕೋಳಿಗಳಿಗೆಂದೇ ತಯಾರಿಸಿದ ಖನಿಜ-ಜೀವಸತ್ವ ಮಿಶ್ರಣ 100 ಗ್ರಾಂ. ಇದರಲ್ಲಿ ಸುಮಾರು ಶೇ. 17ರಷ್ಟು ಪ್ರೋಟೀನ್, ಮೂರೂವರೆಗಿಂತ ಹೆಚ್ಚು ಪಾಲು ಕ್ಯಾಲ್ಸಿಯಂ ದೊರೆಯುತ್ತದೆ. ಕಟ್ಟಿ ಸಾಕಿದ ಕೋಳಿಗೆ ದಿನಕ್ಕೆ 110 ಗ್ರಾಂ; ಹಗಲೆಲ್ಲ ಒಳ್ಳೆಯ ಹಿತ್ತಲಿನಲ್ಲಿ ಮೇಯುವುದಕ್ಕೆ ಅದರ ಅರ್ಧ. ನುಗ್ಗೆ, ಹರಿವೆ ಸೊಪ್ಪು ಜೊತೆಗಿರಲಿ. ಅಜೋಲಾ ಒಳ್ಳೆಯದೇ, ಆದರೆ ಹಸಿ ಅಜೋಲಾದಲ್ಲಿ ಶೇ. 90ಕ್ಕೂ ಹೆಚ್ಚು ನೀರು. ಅದು ಪಲ್ಯವಾದೀತು, ಊಟವಾಗದು. ತಿಂದ ಮೇವಿನ ಎರಡರಷ್ಟು ತೂಕದ ಶುದ್ಧ ನೀರು ಸದಾ ಎದುರಿಗಿರಬೇಕು.

ಚಿಪ್ಪಿಗಾಗಿ ಅಘನಾಶಿನಿಯಂಥ ಅಳಿವೆಗಳ ಒಡಲನ್ನು ಅಗೆಯಬೇಕಿಲ್ಲ. ಕರಾವಳಿಯ ಮನೆಗಳು ತಿಂದು ಬಿಸುಡುವ ಚಿಪ್ಪು, ನಮ್ಮದೇ ಅಡುಗೆಮನೆಯ ಮೊಟ್ಟೆಚಿಪ್ಪನ್ನು ತೊಳೆದು, ಹುರಿದು, ಕಾಳಿನ ಗಾತ್ರಕ್ಕೆ ಕುಟ್ಟಿದರೆ ಸಾಕು. ಸ್ವಲ್ಪವನ್ನು ಬೇರೆ ಬಟ್ಟಲಿನಲ್ಲೂ ಇಡಿ. ಚಿಪ್ಪು ಕಟ್ಟುವ ಕೆಲಸದ ಬಹುಪಾಲು ರಾತ್ರಿ ನಡೆಯುವುದರಿಂದ ಸಂಜೆಯ ಹೊತ್ತಿಗೆ ಕೋಳಿ ತಾನಾಗಿಯೇ ಅದನ್ನು ಹುಡುಕಿ ತಿನ್ನುತ್ತದೆ. ಎಲೆಗೆ ಹಚ್ಚುವ ಸುಣ್ಣವನ್ನು ಮಾತ್ರ ಎಂದೂ ಹಾಕಬಾರದು; ಅದು ಬಾಯಿ, ಕರುಳುಗಳನ್ನು ಸುಡುತ್ತದೆ. ಮೊಟ್ಟೆಗೆ ಬಾರದ ಮರಿಗಳಿಗೆ ಈ ಮಿಶ್ರಣವೂ ಸಲ್ಲದು. ಅತಿಯಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ.

ಮಳೆಗಾಲದ ಬೂಷ್ಟಿನ ಬಗ್ಗೆ ಎಚ್ಚರ ಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಸತ್ತವು. ಅಫ್ಲಟಾಕ್ಸಿನ್ ಎಂಬ ವಿಷ ಲೋಕಕ್ಕೆ ತಿಳಿದದ್ದೇ ಆಗ. ನಮ್ಮ ಅಟ್ಟದ ತೇವದಲ್ಲಿ ಅದೇ ಬೂಷ್ಟು ಬೆಳೆಯಬಲ್ಲದು. ಹದಿನೈದು ದಿನಕ್ಕಾಗುವಷ್ಟನ್ನೇ ಬೆರೆಸಿ. ವಾಸನೆ ಬಂದದ್ದನ್ನು ಕೋಳಿಗೂ ಹಾಕಬೇಡಿ, ಹಸುವಿಗೂ ಹಾಕಬೇಡಿ.

ಹಿತ್ತಲ ಕೋಳಿ ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ಮನೆಯ ಹೆಣ್ಣುಮಗಳ ಕೈಗೆ ಯಾರನ್ನೂ ಕೇಳದೆ ಬರುವ ಹಣ ಅದು. ಮಗುವಿನ ತಟ್ಟೆಗೆ ಸುಲಭವಾಗಿ ಸಿಗುವ ಪುಷ್ಟಿ ಅದು. ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಕೋಳಿಗಳಿಗೆ ಹಾಕಿದ ಮೇವನ್ನೂ ಅವು ಇಟ್ಟ ಮೊಟ್ಟೆಯನ್ನೂ ಮೂರು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ. ತಳಿಯನ್ನು ದೂರುವ ಮೊದಲು ಆ ಪುಟಗಳನ್ನು ಅಮ್ಮನೊಡನೆ ಕುಳಿತು ಓದಿ. ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬುದು ಅಲ್ಲಿ ಕಾಣುತ್ತದೆ.