ಕಡಲೂರಿಗೆ ಹೊರಟಿರಾ? ಮೊದಲು ಗಡಿಯಾರ ನೋಡಿ

ಪರೀಕ್ಷೆ ಮುಗಿದಿದೆ. ‘ಅಪ್ಪಾ, ಈ ಸಲ ಸಮುದ್ರ ನೋಡಲೇಬೇಕು’ ಎಂಬ ರಾಗ ನಿಮ್ಮ ಮನೆಯಲ್ಲೂ ಶುರುವಾಗಿರಬಹುದು. ಘಟ್ಟದ ಮೇಲಿನ ಮಕ್ಕಳಿಗೆ ಸಮುದ್ರ ಎಂದೊಡನೆ ನೆನಪಾಗುವ ಊರುಗಳಲ್ಲಿ ಮಂಗಳೂರೂ ಒಂದು. ಖಂಡಿತ ಹೋಗಿ ಬನ್ನಿ. ಆದರೆ ಮೈಸೂರು ಸುತ್ತಿದ ಹಾಗೆ ಬೆಳಗಿನಿಂದ ಸಂಜೆಯವರೆಗೆ ಮಂಗಳೂರನ್ನೂ ಸುತ್ತುತ್ತೇವೆ ಎಂದು ಹೊರಟರೆ ಮೊದಲ ದಿನವೇ ಸುಸ್ತಾಗುತ್ತೀರಿ. ಅಲ್ಲಿ ನಿಮ್ಮ ವೇಳಾಪಟ್ಟಿ ಹಾಕುವವರು ನೀವಲ್ಲ, ಬಿಸಿಲು ಮತ್ತು ಕಡಲು.

ಈ ಪಾಠ ನಾವು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ, ರಾತ್ರಿ ಬಸ್ಸಿನಲ್ಲಿ ಬಂದಿಳಿದವರು ಸಾಮಾನು ಕೋಣೆಯಲ್ಲಿಟ್ಟು ಬೆಳಿಗ್ಗೆ 11ಕ್ಕೇ ಕಡಲತೀರಕ್ಕೆ ಓಡಿದೆವು. ಮರಳು ಕಾದ ಕಾವಲಿಯಾಗಿತ್ತು. ಕಾಲು ಸುಡುತ್ತದೆಂದು ಮಗ ನೇರ ನೀರಿಗೇ ಓಡಿದ. ನೀರು ಮೊಣಕಾಲಿನಷ್ಟೇ ಇತ್ತು. ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳೂ ಜಾರಿತು, ಹುಡುಗ ಮುಗ್ಗರಿಸಿದ. ಅಲ್ಲೇ ನಿಂತಿದ್ದ ಮೀನುಗಾರರೊಬ್ಬರು ತೋಳು ಹಿಡಿದು ಎಳೆದುಕೊಂಡರು. ‘ಇದು ನಿಮ್ಮೂರ ಕೆರೆ ಅಲ್ಲ ಮಾರಾಯ್ರೆ, ಮಕ್ಕಳ ಕೈ ಬಿಡ್ಬೇಡಿ’ ಎಂದಷ್ಟೇ ಹೇಳಿ ಹೊರಟುಹೋದರು. ಆ ಒಂದು ಮಾತಿಗಾಗಿಯೇ ಈ ವಾರದ ಅಂಕಣ.

ಯಾವಾಗ ಹೋಗಬೇಕು?

ನವೆಂಬರಿನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಶಾಲೆಗೆ ರಜೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ ಎಂದಾದರೆ ಆಗಲೂ ಹೋಗಬಹುದು, ಬೆವರಿಗೆ ಸಿದ್ಧರಾಗಿರಬೇಕು ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಆಗ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಇಳಿಯುವುದಿಲ್ಲ. ದೋಣಿ ಇಳಿಯದ ಕಡಲಿಗೆ ನಾವು ಇಳಿಯಬಾರದು.

ಒಂದು ಪ್ರಶ್ನೆ ವಿದ್ಯಾರ್ಥಿಗಳಿಗೆ: ಬಳ್ಳಾರಿಯ 38 ಡಿಗ್ರಿ ಬಿಸಿಲು ತಡೆದುಕೊಂಡವರು ಮಂಗಳೂರಿನ 33 ಡಿಗ್ರಿಗೆ ಏಕೆ ಬಸವಳಿಯುತ್ತಾರೆ? ಬೆವರು ಆರಿದರೆ ತಾನೇ ಮೈ ತಂಪಾಗುವುದು? ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಆವಿ ತುಂಬಿರುತ್ತದೆ, ಹಾಗಾಗಿ ಬೆವರು ಬೇಗ ಆರುವುದಿಲ್ಲ. ಮೈಯಿಂದ ನೀರೂ ಉಪ್ಪೂ ಹೋಗುತ್ತಲೇ ಇರುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಿ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಪುನರ್ಪುಳಿ ಶರಬತ್ತು ಎಲ್ಲವೂ ಒಳ್ಳೆಯದೇ. ಬಟ್ಟೆ ತೆಳುವಾದ ಹತ್ತಿಯದಿರಲಿ. ದಿನಕ್ಕೆ ಎರಡು ಜತೆ ಬೇಕಾಗುತ್ತದೆಂದು ಲೆಕ್ಕ ಹಾಕಿ. ಜೀನ್ಸ್ ಮನೆಯಲ್ಲೇ ಇರಲಿ.

ಹೋಗುವುದು ಹೇಗೆ?

ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ಆದರೆ ಮಕ್ಕಳಿದ್ದರೆ ಹಗಲು ರೈಲು ಓಡುವ ದಿನ ಯಾವುದೆಂದು ವಿಚಾರಿಸಿ ಟಿಕೆಟ್ ಕಾದಿರಿಸಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ 57 ಸುರಂಗಗಳಿವೆ. ಎಣಿಸುವ ಕೆಲಸ ಮಕ್ಕಳಿಗೆ ವಹಿಸಿ, ನೀವು ಕಾಡು ನೋಡಿ. ನೆನಪಿಡಿ, ಮಂಗಳೂರಿನಲ್ಲಿ ದೊಡ್ಡ ನಿಲ್ದಾಣಗಳು ಎರಡು. ಸೆಂಟ್ರಲ್ ಊರೊಳಗಿದೆ, ಜಂಕ್ಷನ್ ಇರುವುದು ಸ್ವಲ್ಪ ದೂರದ ಕಂಕನಾಡಿ ಬಳಿ. ನಿಮ್ಮ ರೈಲು ನಿಲ್ಲುವುದು ಯಾವುದರಲ್ಲಿ ಎಂದು ಟಿಕೆಟಿನಲ್ಲಿ ನೋಡಿಕೊಳ್ಳಿ.

ಸರ್ಕಾರಿ ಬಸ್ಸುಗಳು ಬಂದು ನಿಲ್ಲುವುದು ಬಿಜೈಯಲ್ಲಿ. ಊರೊಳಗೆ ಓಡಾಡುವ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ನಡೆಯುವುದಿಲ್ಲ, ಆದ್ದರಿಂದ ತಾಯಂದಿರು ಚಿಲ್ಲರೆ ಇಟ್ಟುಕೊಳ್ಳುವುದು ಒಳಿತು. ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗಿದರೆ ಗಾಬರಿಯಾಗಬೇಡಿ. ಅದು ಸಿಟಿ ಬಸ್ಸುಗಳೆಲ್ಲ ಸೇರುವ ಜಾಗದ ಹೆಸರು.

ಒಂದು ದಿನದ ಲೆಕ್ಕ

ಬೆಳಿಗ್ಗೆ ಬೇಗ ಎದ್ದು ಕದ್ರಿ ಮಂಜುನಾಥ ದೇವಾಲಯಕ್ಕೆ ಹೋಗಿ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದು. ಚರಿತ್ರೆಯ ಪುಸ್ತಕದಲ್ಲಿ ಓದುವ ಆಳುಪ ಅರಸರ ಕಾಲವನ್ನು ಕಣ್ಣಾರೆ ಕಾಣಬಹುದು. ಹತ್ತರ ಹೊತ್ತಿಗೆ ನೆರಳಿಗೆ ಬಂದುಬಿಡಿ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅದಕ್ಕೆ ತಕ್ಕ ಜಾಗ. ಇಟಲಿಯ ಆಂಟೋನಿಯೊ ಮೊಸ್ಕೇನಿ ಅವರು ಸುಮಾರು ನೂರಿಪ್ಪತ್ತೈದು ವರ್ಷಗಳ ಹಿಂದೆ ಬಿಡಿಸಿದ ಚಿತ್ರಗಳು ಅದರ ಗೋಡೆ, ಚಾವಣಿಗಳನ್ನು ತುಂಬಿವೆ. ನೋಡಲು ಬಿಡುವ ವೇಳೆಯನ್ನು ಮೊದಲೇ ಕೇಳಿಕೊಳ್ಳಿ.

ಕನ್ನಡ ಓದುವ ಮಕ್ಕಳಿಗೆ ಇನ್ನೊಂದು ಮಾತು ಹೇಳಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಈ ಊರಿನಿಂದ. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ನಮ್ಮ ಅಜ್ಜನ ಮನೆಯ ಮಾಡಿನ ಮೇಲಿದ್ದ ಮಂಗಳೂರು ಹೆಂಚಿನ ಹೆಸರೂ ಈ ಊರಿನದೇ.

ನಡುಹಗಲು ಊಟ, ವಿಶ್ರಾಂತಿ. ಕುಚ್ಚಲಕ್ಕಿ ಅನ್ನ ಕಂಡು ಮೂಗು ಮುರಿಯದೆ ಒಮ್ಮೆ ರುಚಿ ನೋಡಿ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಇವೆ, ತಿನ್ನದವರಿಗೆ ನೀರುದೋಸೆ, ಗೋಳಿಬಜೆ, ಬನ್ಸ್ ಇವೆ. ಎರಡನೆಯ ದಿನವೂ ಇದ್ದರೆ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ಪ್ರಾಣಿಸಂಗ್ರಹಾಲಯ, ವಿಜ್ಞಾನ ಕೇಂದ್ರ, ತಾರಾಲಯ ಒಂದೇ ಕಡೆ ಇವೆ. ವಾರದ ರಜೆ ಯಾವತ್ತು ಎಂದು ಕೇಳಿಕೊಂಡು ಹೊರಡಿ.

ಕಡಲು ಸಂಜೆಗೆ

ಇಳಿಬಿಸಿಲಲ್ಲಿ, ಐದರ ಹೊತ್ತಿಗೆ, ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮೊದಲು, ಡಿಸೆಂಬರಿನಲ್ಲಿ ಆರು ದಾಟಿದ ಸ್ವಲ್ಪ ಹೊತ್ತಿಗೆ. ಕತ್ತಲಾದ ಮೇಲೆ ನೀರಿನ ಬಳಿ ಬೇಡ. ಸೋಮೇಶ್ವರದ ಬಂಡೆಗಳು ನೋಡಲು ಚೆಂದ, ಆದರೆ ಹತ್ತಿ ಫೋಟೊ ತೆಗೆಸಿಕೊಳ್ಳುವ ಜಾಗ ಅಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಂತೂ ಇಳಿಯಲೇ ಬೇಡಿ.

ಅಲೆಗಳು ತಂದ ನೀರು ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ಕಡಲಿಗೆ ಮರಳಬೇಕು. ಆ ದಾರಿಯಲ್ಲಿ ಬಲವಾದ ಸೆಳೆತ ಇರುತ್ತದೆ. ಎರಡೂ ಬದಿ ಅಲೆ ನೊರೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ ಅಲ್ಲಿಗೆ ಹೋಗಬೇಡಿ. ಹೊಸಬರು ಮೋಸ ಹೋಗುವುದು ಈ ಶಾಂತ ನೀರಿಗೇ. ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಈಜಲು ಒದ್ದಾಡಬಾರದು, ಶಕ್ತಿಯೆಲ್ಲ ಮುಗಿದುಹೋಗುತ್ತದೆ. ತೇಲುತ್ತಾ ಕೈಯೆತ್ತಿ ಕೂಗಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತ ದಾಟಿದ ಮೇಲೆ ದಡದತ್ತ ತಿರುಗಬೇಕು. ದಡದಲ್ಲಿದ್ದವರು ತಾವೂ ನೀರಿಗೆ ಹಾರದೆ, ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕರೆಯಬೇಕು. 112ಕ್ಕೆ ಫೋನ್ ಮಾಡಬಹುದು.

ಗೆಳೆಯರ ಜತೆ ಹೋಗುವ ಕಾಲೇಜು ವಿದ್ಯಾರ್ಥಿಗಳೇ, ನಿಮ್ಮೂರ ಬಾವಿಯಲ್ಲಿ ಕಲಿತ ಈಜು ಇಲ್ಲಿ ಸಾಲದು. ‘ಹೆದರ್ತೀಯಾ?’ ಎಂದು ಕೆಣಕುವವನು ಸ್ನೇಹಿತನಲ್ಲ. ಪಾಲಕರೇ, ‘ನೀರಿಗೆ ಇಳಿಯಬೇಡ’ ಎಂದು ಗದರಿದರೆ ಮಕ್ಕಳು ಕದ್ದು ಇಳಿಯುತ್ತಾರೆ. ಅದರ ಬದಲು ನೀವೇ ಕೈ ಹಿಡಿದು ಪಾದ ನೆನೆಯುವಷ್ಟು ನೀರಿಗೆ ಕರೆದೊಯ್ಯಿರಿ. ಕಾಲಡಿಯ ಮರಳು ಜಾರುವುದನ್ನು ಅವರೇ ತಿಳಿಯಲಿ. ನಮ್ಮ ಮಗನಿಗೆ ಆ ದಿನದ ನಂತರ ನಾವು ಎಚ್ಚರಿಕೆ ಹೇಳಬೇಕಾಗಲೇ ಇಲ್ಲ. ಮರುದಿನ ಸಂಜೆ ಅವನೇ ತಂಗಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದ.